ಮುದಕಪ್ಪನ ಮೈಮೇಲೆ ಬಂದದ್ದು

ನಾನು ಬಮ್ಮಿಗಟ್ಟಿಯಲ್ಲಿ ಮಾಸ್ತರನಾಗಿದ್ದ ೧೯೮೪ರ ಶ್ರಾವಣ. ಸೋಮವಾರ ಮುಂಜಾನೆ ಗುಡಿಯಲ್ಲಿ ಭಜನೆ ಹಾಡುತ್ತಿದ್ದ ಮುದಕಪ್ಪನ ನಾಲಗೆ ಇದ್ದಕ್ಕಿದ್ದಂತೆ ತೊದಲಿತು, ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು. "ಮೈಮ್ಯಾಲ ದೇವರು ಬಂತು!" ಎಂದು ಗೆಳೆಯ ಮಾಳಪ್ಪ ಅವನ ಕಾಲಿಗೆ ಬಿದ್ದ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಸರಿಹೋಯಿತು. ಜನ ಕೈಮುಗಿಯುವುದನ್ನು ಕಂಡು ಮುದಕಪ್ಪನಿಗೂ ಒಳಗೊಳಗೇ ಹಿಗ್ಗು.

ಅವನ ಹೆಂಡತಿ ದೇವಕ್ಕನಿಗೆ ಮಾತ್ರ ಎದೆ ಒಡೆದಂತಾಗಿತ್ತು. ಅವಳ ತಾಯಿಗೆ ಲಕ್ವಾ ಹೊಡೆಯುವ ಮೊದಲು ಹೀಗೆಯೇ ಆಗಿತ್ತು.

"ಬರೇ ಒಂದ ಬಾಜು ಬರೂ ದೇವರು ಯಾಂವಪಾ, ಮಾಳಪ್ಪಣ್ಣಾ?"

"ಹಂಗ ಅನಬ್ಯಾಡ ತಂಗಿ, ದೇವರು ಮುನಿತಾನ."

"ಮುನೀಲಿ. ದವಾಖಾನಿ ಮುಗಿಸಿ ಬಂದು ತಪ್ಪಾತಂತೀನಿ."

ಆಗಲೇ ಗಂಡನನ್ನು ಎಬ್ಬಿಸಿ ಕಲಘಟಗಿಯ ಬಸ್ಸು ಹತ್ತಿಸಿದಳು. ಡಾಕ್ಟರು ಪರೀಕ್ಷಿಸಿದರು. ರಕ್ತದೊತ್ತಡ ಬಹಳ ಏರಿತ್ತು. ಮಿದುಳಿಗೆ ರಕ್ತ ಹರಿಯುವುದು ತುಸು ಹೊತ್ತು ತಡೆದಿತ್ತು, ಅಲಕ್ಷ್ಯ ಮಾಡಿದ್ದರೆ ಲಕ್ವಾ ಹೊಡೆಯಬಹುದಿತ್ತು ಎಂದು ತಿಳಿಸಿದರು. ದಿನಾಲೂ ಗುಳಿಗೆ ನುಂಗಬೇಕು, ಉಪ್ಪು ಕಡಿಮೆ ಮಾಡಬೇಕು, ತಂಬಾಕು ಬಿಡಲೇಬೇಕು ಎಂದರು.

"ದೇವರಾಗಿದ್ರ ಕಾಯಿ, ಕರ್ಪೂರ ಸಿಗತಿತ್ತು," ಎಂದು ಮುದಕಪ್ಪ ಗೊಣಗಿದ. "ಮನಷ್ಯಾ ಆಗಿ ತಂಬಾಕನೂ ಕಳಕೊಂಡೆ."

"ಹೆಂಡ್ತಿ ಉಳದಾಳಲ್ಲ, ಸುಮ್ನ ಗುಳಿಗಿ ನುಂಗ್ರಿ," ಎಂದಳು ದೇವಕ್ಕ.

ಮುಂದಿನ ಸೋಮವಾರ ಮುದಕಪ್ಪ ಮತ್ತೆ ಹಾಡಿದ. ಭಜನೆ ಮುಗಿದ ಮೇಲೆ ಮಾಳಪ್ಪ ದೇವಕ್ಕನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ತಂಗಿ, ನಾನೂ ತಂಬಾಕದಾಂವನ. ನಂದೂ ಒಮ್ಮೆ ತೋರಸೂಣೇನು?"

"ಅಂಗಿ ಹಾಕ್ಕೊಂಡು ಬಾ, ಬಸ್ ಬರೂ ಹೊತ್ತಾತು," ಎಂದಳು ಅವಳು.