ದೊರೆಸಾನಿಯ ಬ್ಯಾಗಿಗೆ ಕುರಿ ಕೊಬ್ಬು

ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟುವಾಗ ನಮ್ಮಜ್ಜಿಯ ಅತ್ತೆ ಅಲ್ಲಿದ್ದ ದೊರೆಯೊಬ್ಬನ ಬಂಗಲೆಗೆ ಹಾಲು ಹಾಕುತ್ತಿದ್ದಳಂತೆ. ದೊರೆಸಾನಿ ತನ್ನ ದೇಶಕ್ಕೆ ಹೊರಟ ದಿನ ಕೈಯಲ್ಲಿದ್ದ ಚರ್ಮದ ಬ್ಯಾಗನ್ನು ಅವಳಿಗೆ ಕೊಟ್ಟು ಹೋದಳು. ಕಂದು ಬಣ್ಣ, ಹಿತ್ತಾಳೆಯ ಕೊಂಡಿ, ಒಳಗೆ ಮಾಸಿದ ರೇಷ್ಮೆ. ಹರಿಯಬ್ಬೆಯ ನಮ್ಮ ಮನೆಯಲ್ಲಿ ಆಮೇಲೆ ಅದರೊಳಗೆ ಕುರಿ ಉಣ್ಣೆ ಕತ್ತರಿಸುವ ಕತ್ತರಿಗಳನ್ನು ಇಡುತ್ತಿದ್ದರು.

ಹೋದ ವರ್ಷ ಫೋನಿನಲ್ಲಿ ಅಂಥದ್ದೇ ಬ್ಯಾಗು ಹಿಡಿದ ಸಿನಿಮಾ ನಟಿಯೊಬ್ಬಳ ಚಿತ್ರ ನೋಡಿದೆ. ಆ ವಾರವೇ ಹಿರಿಯೂರಿನಿಂದ ಹರಿಯಬ್ಬೆಗೆ ಹೋಗಿ, ಕತ್ತರಿಗಳನ್ನು ಗೋಣಿಚೀಲಕ್ಕೆ ಸುರಿದು, ಬ್ಯಾಗನ್ನು ಎತ್ತಿಕೊಂಡೆ. ಚರ್ಮ ಬಿರುಕು ಬಿಟ್ಟು ಒಣ ಹಪ್ಪಳದಂತಾಗಿತ್ತು. ಏನು ಹಚ್ಚಲಿ ಎಂದು ಅಜ್ಜಿಯನ್ನು ಕೇಳಿದೆ.

‘ಕುರಿ ಕೊಬ್ಬು ತಿಕ್ಕವ್ವ, ಮೆತ್ತಗಾಗತೈತೆ’ ಎಂದಳು.

ಮೂರು ದಿನ ತಿಕ್ಕಿದೆ. ಬ್ಯಾಗು ಮಿರಿಮಿರಿ ಮಿಂಚಿತು. ನಾಲ್ಕನೆಯ ದಿನ ಅಣ್ಣನ ಮಗನಿಗೆ ಹೆಣ್ಣು ನೋಡಲು ಹೊಳಲ್ಕೆರೆಗೆ ಹೋಗುವುದಿತ್ತು. ಅಣ್ಣ, ಅವನ ಮಗ ಮತ್ತು ನಾನು ಹೊರಟೆವು. ಬ್ಯಾಗು ನನ್ನ ಮೊಣಕೈಯಲ್ಲಿ ನೇತಾಡುತ್ತಿತ್ತು. ಅಣ್ಣ ಬಸ್ಸಿನಲ್ಲಿ ಎರಡು ಸಲ ಮೂಗು ಎಳೆದುಕೊಂಡು, ಯಾರೋ ಬಾಡೂಟದ ಬುತ್ತಿ ತಂದಿದ್ದಾರೆ ಎಂದ. ನಾನು ಕಿಟಕಿಯಾಚೆ ನೋಡಿದೆ.

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಒಂದು ಕರಿನಾಯಿ ಹಿಂದೆ ಬಿತ್ತು. ಹೋಟೆಲಿನ ಹತ್ತಿರ ಮೂರಾದವು. ಹುಡುಗಿಯ ಮನೆ ಮುಟ್ಟುವಷ್ಟರಲ್ಲಿ ಏಳು ನಾಯಿಗಳು ಬಾಲ ಅಲ್ಲಾಡಿಸುತ್ತ ಸಾಲಾಗಿ ಬರುತ್ತಿದ್ದವು. ಅಣ್ಣನ ಮಗನಿಗೆ ನಾಯಿಯೆಂದರೆ ಜೀವಭಯ. ಅವನು ನಮ್ಮಿಬ್ಬರ ಮಧ್ಯೆ ತೂರಿಕೊಂಡು ನಡೆಯುತ್ತಿದ್ದ.

ಹುಡುಗಿಯ ಅಪ್ಪ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದರು. ಆಮೇಲೆ ನಮ್ಮ ಹಿಂದೆ ನೋಡಿದರು.

‘ಬರ್ರಿ, ಕುಂತ್ಕಳ್ರಿ. ಇವೆಲ್ಲ ನಿಮ್ಮವಾ?’

ಅಲ್ಲವೆಂದು ಅಣ್ಣ ಹೇಳಿದ. ಅವರು ನಂಬಿದಂತೆ ಕಾಣಲಿಲ್ಲ. ಒಳಗೆ ಕುಳಿತೆವು. ನಾನು ಬ್ಯಾಗನ್ನು ಕುರ್ಚಿಯ ಪಕ್ಕ ನೆಲದ ಮೇಲಿಟ್ಟೆ. ಹುಡುಗಿ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಹೊರಬಂದಳು. ಎಲ್ಲರೂ ಅವಳ ಮುಖ ನೋಡುತ್ತಿದ್ದ ಆ ಗಳಿಗೆಯಲ್ಲೇ ಕರಿನಾಯಿ ಒಳನುಗ್ಗಿ, ಬ್ಯಾಗಿನ ಹಿಡಿ ಕಚ್ಚಿಕೊಂಡು ಓಡಿತು. ಉಳಿದ ಆರೂ ಅದರ ಹಿಂದೆ ಓಡಿದವು. ಅಣ್ಣನ ಮಗ ಎರಡೂ ಕಾಲೆತ್ತಿ ಕುರ್ಚಿಯ ಮೇಲೆ ಮುದುಡಿ ಕೂತಿದ್ದ.

ಹುಡುಗಿ ತಟ್ಟೆಗಳನ್ನು ಅಣ್ಣನ ತೊಡೆಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಕೂಟಿ ಹತ್ತಿದಳು. ನಾವು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು. ಅವಳ ಅಪ್ಪ ತಲೆ ಮೇಲೆ ಕೈಯಿಟ್ಟುಕೊಂಡು ಕೂತರು. ಅವಳ ಅಮ್ಮ, ಮಗಳು ಹೀಗೆಲ್ಲ ಮಾಡುವವಳಲ್ಲ ಎಂದು ನನಗೆ ಮೂರು ಸಲ ಹೇಳಿದರು. ನಾನು ಕೊಬ್ಬಿನ ವಿಷಯ ಬಾಯಿಬಿಡಲಿಲ್ಲ.

ಹತ್ತು ನಿಮಿಷಕ್ಕೆ ಹುಡುಗಿ ಬಂದಳು. ಜಡೆ ಬಿಚ್ಚಿತ್ತು, ಸೀರೆಯ ಅಂಚಿಗೆಲ್ಲ ಕೆಸರು. ಬ್ಯಾಗನ್ನು ನನ್ನ ಕೈಗಿಡುವ ಮೊದಲು ಒಮ್ಮೆ ಮೂಸಿ ನೋಡಿದಳು.

‘ಆಂಟಿ, ಇದಕ್ಕೆ ಒಗ್ಗರಣೆ ಒಂದು ಹಾಕಿಲ್ಲ ನೋಡ್ರಿ.’

ಅಣ್ಣನಿಗೆ ಬಸ್ಸಿನ ಬುತ್ತಿ ಯಾರದೆಂದು ಆಗ ಗೊತ್ತಾಯಿತು. ಅವನು ನನ್ನತ್ತ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಆದರೆ ಮೊದಲು ನಕ್ಕವರು ಹುಡುಗಿಯ ಅಪ್ಪ. ಆಮೇಲೆ ಯಾರಿಗೂ ತಡೆದುಕೊಳ್ಳಲು ಆಗಲಿಲ್ಲ.

ಹುಡುಗಿ ಅಣ್ಣನ ಮಗನ ಕಡೆ ತಿರುಗಿ, ನಾಯಿ ಕಂಡರೆ ಹೆದರಿಕೆಯೇ ಎಂದು ಕೇಳಿದಳು. ಅವನು ಇನ್ನೂ ಕಾಲು ಇಳಿಸಿರಲಿಲ್ಲ. ಹೂಂ ಎಂದ.

‘ಇರ್ಲಿ ಬಿಡ್ರಿ. ನನಗೆ ಹಲ್ಲಿ ಕಂಡ್ರೆ ಆಗಲ್ಲ. ಅದನ್ನ ನೀವು ನೋಡ್ಕಳ್ರಿ, ನಾಯಿ ನಾನು ನೋಡ್ಕತೀನಿ.’

ಅವನು ಆಗಲಿ ಎಂದು ತಲೆಯಾಡಿಸಿದ. ಅಲ್ಲೇ ಮಾತು ಮುಗಿಯಿತು. ಮದುವೆ ಚಿತ್ರದುರ್ಗದಲ್ಲಿ ಆಯಿತು. ಈಗ ಇಬ್ಬರೂ ಅಲ್ಲೇ ಮನೆ ಮಾಡಿದ್ದಾರೆ. ಮೊನ್ನೆ ನಾನು ಹೋಗಿದ್ದಾಗ ಅಡುಗೆಮನೆಯಿಂದ ಅವಳು ಕರೆದಳು. ಅವನು ಪೊರಕೆ ಹಿಡಿದು ಎದ್ದು, ಹೋಗುವ ಮೊದಲು ನನ್ನ ಕಿವಿಯ ಹತ್ತಿರ ಬಗ್ಗಿ, ಹಲ್ಲಿ ಕಂಡರೆ ತನಗೂ ಮೈ ಜುಮ್ಮೆನ್ನುತ್ತದೆ, ಅವಳಿಗೆ ಹೇಳಬೇಡ ಎಂದ.