ಸಿನಿಮಾ ಮೇಡಂ ಹಣೆಗೆ ಇಟ್ಟ ಕುಂಕುಮ

ದೇವಲಾಪುರದಲ್ಲಿ ಸಿನಿಮಾ ಮೇಡಂಗೆ ಸನ್ಮಾನವಾದ ಸಂಜೆ ನಾನು ಊಟ ಮಾಡದೆ ಯಾಕೆ ಬಂದೆ ಎಂದು ನೀವು ಕೇಳಿದಿರಿ. ಆಗ ಹೇಳಲು ಬಾಯಿ ಬರಲಿಲ್ಲ ಮಕ್ಕಳೇ. ಹೆದರಿದ್ದೆ.

ಮೇಡಂ ಪಾಂಡವಪುರದ ಕಡೆಯವರು. ಅಂಗನವಾಡಿ ಕೆಲಸದಿಂದ ನಿವೃತ್ತರಾದ ಮೇಲೆ ಗಂಡನ ಲಗೇಜ್ ಆಟೋದಲ್ಲಿ ಪರದೆ, ಪ್ರೊಜೆಕ್ಟರ್ ಹೇರಿಕೊಂಡು ಊರೂರಿಗೆ ಹೋಗಿ ಒಳ್ಳೆಯ ಸಿನಿಮಾ ತೋರಿಸುತ್ತಾರೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಸಿನಿಮಾ ಮುಗಿದರೂ ಅವರು ದೀಪ ಹಾಕಿಸುವುದಿಲ್ಲ. ನೋಡಿದ್ದರ ಬಗ್ಗೆ ಮಾತುಕತೆಯೆಲ್ಲ ಕತ್ತಲಲ್ಲೇ. ಮುಖ ಕಾಣದಿದ್ದರೆ ಹೆಂಗಸರು ಬಾಯಿ ಬಿಡುತ್ತಾರೆ ಅನ್ನುತ್ತಾರೆ. ನಿಮ್ಮ ತಾತ ತೀರಿಹೋದ ಮೇಲೆ ಜನರ ನಡುವೆ ನಾನು ಮೊದಲು ಮಾತಾಡಿದ್ದು ಹಾಗೆಯೇ, ನಮ್ಮೂರ ಶಾಲೆಯ ಜಗಲಿಯಲ್ಲಿ.

ಸನ್ಮಾನಕ್ಕೆ ಶಾಲು, ಹಣ್ಣು, ಅರಿಶಿನ ಕುಂಕುಮದ ತಟ್ಟೆ ಎಲ್ಲ ಸಿದ್ಧವಾಗಿತ್ತು. ಕುಂಕುಮ ಇಡಲು ಒಬ್ಬ ಮುತ್ತೈದೆಯನ್ನು ಕರೆದರು. ಮೇಡಂ ಕೈ ಅಡ್ಡ ಹಿಡಿದರು.

“ಅಗೋ, ಗೋಡೆಗೊರಗಿ ಕುಂತವ್ರಲ್ಲ, ಆ ಅಕ್ಕನೇ ಕುಂಕುಮ ಇಡ್ಲಿ. ಇಲ್ದಿದ್ರೆ ನಂಗೆ ಶಾಲೂ ಬ್ಯಾಡ.”

ಅವರು ತೋರಿಸಿದ್ದು ನನ್ನನ್ನು. ಪಕ್ಕದಲ್ಲಿದ್ದ ನಾದಿನಿ ನನ್ನ ಸೆರಗು ಹಿಡಿದೆಳೆದಳು. “ಸುಮ್ಕಿರು ಅತ್ಗೆ. ಅವರ ಯಜಮಾನ್ರಿಗೆ ಮೊನ್ನೆಮೊನ್ನೆ ಎದೆ ಆಪರೇಷನ್ ಆಗದೆ, ಮನೇಲಿ ಮಲಗವ್ರೆ. ನಾಳೆ ಏನಾರ ಎಚ್ಚುಕಮ್ಮಿ ಆದ್ರೆ ಯಾರ ತಲೆ ಮೇಲೆ ಆಕ್ತಾರೆ ಗೊತ್ತಾ?”

ಅವಳು ಹೇಳದಿದ್ದರೂ ನನ್ನೊಳಗೆ ಅದೇ ಇತ್ತು. ಜನ ಆಡುವುದಿರಲಿ, ನಿಜವಾಗಿಯೂ ನನ್ನ ಕೈಯಿಂದ ಕೇಡಾಗಿಬಿಟ್ಟರೆ? ಹೋಗದಿದ್ದರೆ ಅವರು ಶಾಲು ಹೊದೆಯುವುದಿಲ್ಲ. ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಿದ್ದರು. ಹೇಗೋ ಎದ್ದೆ.

ವೇದಿಕೆಯಲ್ಲಿ ಚಿಟಿಕೆ ತೆಗೆಯುವಾಗ ಕುಂಕುಮ ತಟ್ಟೆಯಾಚೆ ಚೆಲ್ಲಿತು. ಕೆಳಗೆ ಯಾರೋ “ಅಯ್ಯೋ” ಅಂದರು. ಮೇಡಂ ಮೆಲ್ಲಗೆ ಕೇಳಿದರು: “ಲೈಟ್ ಆರುಸ್ಲಾ ಅಕ್ಕಾ?”

ಆ ಕತ್ತಲು ನನಗೆ ಬೇಕೇ ಬೇಕಿತ್ತು. ಆದರೂ ಅಂದೆ: “ಬ್ಯಾಡಿ ಮೇಡಂ. ಕತ್ಲಲ್ಲಿ ಇಟ್ರೆ ಕದ್ದು ಇಟ್ಟಂಗಾಯ್ತದೆ.”

ಇಟ್ಟೆ. ಸೊಟ್ಟಗಾಯಿತು. ಚಪ್ಪಾಳೆ ಹೊಡೆದರಂತೆ, ನನಗೆ ಕೇಳಿಸಲಿಲ್ಲ. ಸೀದಾ ಮನೆಗೆ ಬಂದುಬಿಟ್ಟೆ.

ಬೆಳಿಗ್ಗೆ ಫೋನು ಬಡಿದುಕೊಂಡಿತು. ಮೇಡಂ ನಂಬರು. ಇಷ್ಟು ಬೇಗ ಅವರು ಎಂದೂ ಮಾಡಿದವರಲ್ಲ. ಎತ್ತಲು ಕೈ ಏಳಲಿಲ್ಲ. ಕಡೆಗೆ ಎತ್ತಿದರೆ ಗಂಡಸಿನ ದನಿ. ಅವರ ಮನೆಯಲ್ಲಿ ಯಾರೋ ನೆಂಟರು ಬಂದು ಸುದ್ದಿ ಹೇಳುತ್ತಿದ್ದಾರೆ ಅಂದುಕೊಂಡೆ.

“ಅಕ್ಕಾ, ನಾನಿನ್ನೂ ಇವ್ನಿ ಕಣಕ್ಕಾ!”

ಮೇಡಂ ಯಜಮಾನರು.

“ನೀವು ಉಣ್ಣದೆ ಓಗ್ಬುಟ್ರಂತೆ. ಆ ಅಕ್ಕಂಗೆ ನಿಮ್ ದನಿ ಕೇಳ್ಸಿ ಅಂತ ಇವ್ಳು ಪ್ರಾಣ ತಿಂತಾವ್ಳೆ. ಕುಂಕುಮ ಸೊಟ್ಟಗದೆ, ಸರಿ ಮಾಡ್ಕೊಳ್ಳೇ ಅಂದ್ರೆ ಕೇಳ್ನಿಲ್ಲ, ರಾತ್ರಿ ಅಂಗೇ ಮಲಗಿದ್ಲು. ಕಾಫೀನೂ ಇನ್ನೂ ಕೊಟ್ಟಿಲ್ಲ. ಅದ್ರಿಂದ ಸತ್ರೆ ಮಾತ್ರ ಅವಳೇ ಒಣೆ!”

ನಗಬೇಕಿತ್ತು. ಹೊಸಿಲ ಮೇಲೆ ಕುಸಿದು ಕೂತು ಅತ್ತೆ.

ಅದಾಗಿ ಮೂರು ತಿಂಗಳು ಕಳೆದರೂ, ಭಯ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬರುವ ವಾರ ಗೋವಿಂದನಹಳ್ಳಿಯಲ್ಲಿ ಸಿನಿಮಾ. ಪರದೆ ಕಟ್ಟಲು ನಾನೂ ಬರುತ್ತೇನೆ ಎಂದಿದ್ದೇನೆ. ಯಜಮಾನರೇ ಮತ್ತೆ ಆಟೋ ಓಡಿಸುತ್ತಾರಂತೆ. ಅದು ಬಂದು ಬಾಗಿಲ ಮುಂದೆ ನಿಲ್ಲುವವರೆಗೂ ನನ್ನ ಕಣ್ಣು ದಾರಿಯ ಮೇಲೆಯೇ.