ಕೆಟ್ಟ ಹತ್ತಿ

ಉದಯಗಿರಿಯಿಂದ ಸೈಕಲ್ ಮೇಲೆ ಬರುತ್ತಿದ್ದ ಹಾಸಿಗೆ ಹೊಲಿಯುವವರ ಹೆಸರನ್ನು ನಾನು ಕೇಳಲೇ ಇಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯ ತಿರುವಿನಲ್ಲಿ ಅವರು ಹತ್ತಿ ಹಿಂಜುವ ಬಿಲ್ಲನ್ನು ಒಮ್ಮೆ ಮೀಟಿದರೆ ಮಧ್ಯಾಹ್ನವೆಲ್ಲ ಗುಂಯ್ ಎನ್ನುತ್ತಿತ್ತು. ಮಾತು ಕಡಿಮೆ. ಹಾಸಿಗೆಯ ಮೇಲೆ ಯಾವ ಕಲೆ ಕಂಡರೂ ಹೇಳುತ್ತಿದ್ದುದು ಒಂದೇ: "ಬಿಸಿಲು ಕಂಡ್ರೆ ಹತ್ತಿ ಎಲ್ಲಾ ಮರ್ತುಬುಡ್ತದೆ ಕಣಮ್ಮ."

ಆರು ವರ್ಷದ ನನ್ನ ಮಗಳು ಆಗಿನ್ನೂ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುತ್ತಿದ್ದಳು. ಸಂಜೆ ನೀರು ಕಡಿಮೆ ಮಾಡಿದ್ದೆ, ಹರಕೆ ಹೊತ್ತಿದ್ದೆ, ಬೈದೂ ಇದ್ದೆ. ಕೊನೆಗೆ ಹಾಸಿಗೆ ಬಿಚ್ಚಿಸಲು ಅವರನ್ನು ಕರೆದೆ. ಹತ್ತಿಯ ಎಳೆಗಳು ಕೆಳಗಿಳಿಯುವುದನ್ನೇ ಮರೆತಂತೆ ಬಿಸಿಲಿನಲ್ಲಿ ತೇಲಿದವು. ಅವರ ಹುಬ್ಬು, ನಮ್ಮ ತುಳಸಿ, ಮಗಳ ಜಡೆ ಎಲ್ಲವೂ ಬೆಳ್ಳಗಾದವು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ತಮ್ಮ ಎರಡು ಹಾಸಿಗೆಗಳನ್ನೂ ಹಿಂಜಿಸಲೆಂದು ನಮ್ಮ ಗೇಟಿನವರೆಗೆ ತಂದರು. "ಹೋದ ವರ್ಷ ತಾನೇ ಇವರ ಹತ್ರ ಮಾಡಿಸಿದ್ರಿ, ಆಗ್ಲೇ ಯಾಕ್ರೀ ಬಿಚ್ಚಿಸ್ತಿದ್ದೀರಿ?"

ಮಗಳು ಕಂಬದ ಹಿಂದೆ ಸರಿದಳು.

ಹಾಸಿಗೆಯವರು ತಲೆ ಎತ್ತದೆ ಹೇಳಿದರು: "ತಪ್ಪು ನಂದೇ ಕಣಮ್ಮ. ಹೋದ್ಸಲ ಕೆಟ್ಟ ಹತ್ತಿ ತುಂಬಿಬುಟ್ಟಿದ್ದೆ."

"ಹಾಗಾದ್ರೆ ನಮ್ದು ಬೇಡ ಬಿಡಿ," ಎಂದು ಆಕೆ ಎರಡೂ ಹಾಸಿಗೆಗಳನ್ನು ತಮ್ಮ ಮನೆಗೆ ಎಳೆದುಕೊಂಡು ಹೋದರು. ಇವರು ಏನೂ ಆಗಿಲ್ಲವೆಂಬಂತೆ ಬಿಲ್ಲು ಮೀಟುತ್ತಲೇ ಇದ್ದರು.

ಮಗಳು ಬಹಳ ಹೊತ್ತು ಅವರ ಕೈಯನ್ನೇ ನೋಡಿದಳು. ಆಮೇಲೆ, ತಲೆಯ ಮೇಲಿನ ಹತ್ತಿಯನ್ನೂ ಕೊಡವಿಕೊಳ್ಳದೆ, ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತಳು.

"ಆಂಟಿ, ಹತ್ತಿ ಚೆನ್ನಾಗೇ ಇತ್ತು. ಒದ್ದೆ ಮಾಡಿದ್ದು ನಾನು."

ನಮ್ಮ ಅಂಗಳದಲ್ಲಿ ಬಿಲ್ಲಿನ ಸದ್ದು ನಿಂತುಹೋಯಿತು.